ಹೊಲಕ್ಕೆ ಒಂದೇ ಗೊಬ್ಬರ ಸಾಲದು

ವಿಜಯನಗರ ಅರಸರ ಕಾಲದ ರಾಯ, ಬಸವಣ್ಣ, ತುರ್ತು ಕಾಲುವೆಗಳು ಇಂದಿಗೂ ನೀರುಣಿಸುವ ಹೊಸಪೇಟೆ-ಹಂಪಿಯ ಬಾಳೆ, ಕಬ್ಬಿನ ಗದ್ದೆಗಳಲ್ಲಿಯೂ ಕಂಪ್ಲಿಯ ಭತ್ತದ ಬಯಲಿನಲ್ಲಿಯೂ ನೆಲಕ್ಕೆ ಬಿಡುವು ಕಡಿಮೆಯಾದುದರಿಂದ, ಯೂರಿಯಾವೊಂದನ್ನೇ ನೆಚ್ಚಿದ ಬೇಸಾಯ ಅಲ್ಲಿ ಬಹುಕಾಲ ನಿಲ್ಲಲಾರದು. ಶೇ 46ರಷ್ಟು ಸಾರಜನಕವಿರುವ ಯೂರಿಯಾ ಎಲೆಗೆ ಬೇಗ ಹಸಿರು ತರುತ್ತದೆ ನಿಜ. ಆದರೆ ಕ್ಷಾರಗುಣದ ಎರೆಮಣ್ಣಿನ ಮೇಲೆ ಚೆಲ್ಲಿದಾಗ ಅದರ ಒಂದು ಪಾಲು ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ, ಮಿತಿಮೀರಿದರೆ ಭತ್ತದ ಪೈರು ನೆಲಕ್ಕೊರಗಿ ಕಂದುಜಿಗಿಹುಳುವಿಗೂ ಎಡೆಯಾಗುತ್ತದೆ. ಆದ್ದರಿಂದ ಸಾವಯವ, ರಾಸಾಯನಿಕ, ಜೈವಿಕ ಗೊಬ್ಬರಗಳನ್ನು ಮಣ್ಣು ಪರೀಕ್ಷೆಯ ಆಧಾರದ ಮೇಲೆ ಹೊಂದಿಸಿ ಕೊಡುವ ಕ್ರಮವನ್ನು, ಅಂದರೆ ಸಮಗ್ರ ಪೋಷಕಾಂಶ ನಿರ್ವಹಣೆಯನ್ನು, ಇಲ್ಲಿನ ರೈತರು ಅನುಸರಿಸುವುದು ಲೇಸು.

ನಾಟಿಗೆ ಮೊದಲು ಹಸಿರೆಲೆ ಗೊಬ್ಬರದ ಬೆಳೆಯಾದ ಡಯಂಚ ಬಿತ್ತಿ, ಸುಮಾರು 45 ದಿನಕ್ಕೆ, ಹೂ ಬಿಡುವ ಹೊತ್ತಿನಲ್ಲಿ ಮಣ್ಣಿಗೆ ಸೇರಿಸಿದರೆ, ಅದರ ಬೇರುಗಂಟಿನ ಸೂಕ್ಷ್ಮಾಣುಗಳು ಗಾಳಿಯಿಂದ ಹಿಡಿದಿಟ್ಟ ಸಾರಜನಕ ಭತ್ತಕ್ಕೆ ದಕ್ಕುತ್ತದೆ. ಕಬ್ಬಿನ ರವದಿಯನ್ನು ಸುಡುವುದಂತೂ ಕೈಯಾರೆ ಗೊಬ್ಬರ ಕಳೆದುಕೊಂಡಂತೆ. ಸಂಡೂರಿನ ಮಳೆಯಾಶ್ರಿತ ಕೆಂಪು ಮಣ್ಣು ತೇವವನ್ನು ಹೆಚ್ಚು ಕಾಲ ಹಿಡಿಯದಾದ್ದರಿಂದ ಅಲ್ಲಿ ಕಳಿತ ಕೊಟ್ಟಿಗೆ ಗೊಬ್ಬರವೇ ಮೊದಲ ಆಸರೆ.

ಬೆರೆಸುವಲ್ಲಿಯೂ ವಿವೇಚನೆ ಬೇಕು. ಸತುವನ್ನು ಒದಗಿಸುವ ಜಿಂಕ್ ಸಲ್ಫೇಟನ್ನು ಡಿಎಪಿಯೊಡನೆ ಕಲಸಿದರೆ, ಸತು ಡಿಎಪಿಯಲ್ಲಿನ ರಂಜಕದೊಡನೆ ಕೂಡಿ ಸುಲಭವಾಗಿ ಕರಗದ ರೂಪ ತಾಳುತ್ತದೆ. ಅಜೋಸ್ಪಿರಿಲಂನಂತಹ ಜೈವಿಕ ಗೊಬ್ಬರದ ಜೀವಾಣುಗಳು ರಾಸಾಯನಿಕ ಗೊಬ್ಬರದ ನೇರ ಸಂಪರ್ಕದಲ್ಲಿ ಸಾಯುವುದರಿಂದ, ಅವುಗಳನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬೇರೆ ದಿನ ಕೊಡಬೇಕು. ಕೊಯ್ಲಾಗಿ ಹೊಲ ಖಾಲಿಯಿರುವಾಗಲೇ ಮಣ್ಣಿನ ಮಾದರಿಯನ್ನು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಒಪ್ಪಿಸಿ, ವರದಿ ಕೈಸೇರಿದ ಮೇಲೆಯೇ ರೈತರು ಗೊಬ್ಬರ ಕೊಳ್ಳಬೇಕು.