ಇಂದಿನ ಧಮ್ಮ ಚಿಂತನೆ: ಯಾವ ಊರಲ್ಲಿ ಇರುವುದು?



ನನ್ನ ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮಗಳು ಏಳುವ ಮುಂಚೆ ಮನೆ ಬಿಟ್ಟರೆ ಅವಳು ಮಲಗಿದ ಮೇಲೆ ಬರುತ್ತಾನೆ. ಹೋದ ತಿಂಗಳು ಫೋನ್ ಮಾಡಿ, "ಅಕ್ಕಾ, ಇನ್ಮೇಲೆ ವಾರಕ್ಕೆ ಎರಡು ದಿನ ಆಫೀಸಿಗೆ ಹೋದ್ರೆ ಸಾಕು. ನಮ್ಮ ಕಡೆಗೇ ಬಂದ್ಬಿಡೋಣ ಅಂತಿದೀನಿ, ಯಾವ ಊರು ವಾಸಿ?" ಎಂದ.

ನಾನು ಮೇಷ್ಟ್ರ ಬುದ್ಧಿಯಂತೆ ಪಟ್ಟಿ ಮಾಡಿ ಕಳಿಸಿದೆ. ಚಿಕ್ಕಬಳ್ಳಾಪುರ ಹೆದ್ದಾರಿಯ ಮೇಲಿದೆ, ಬೆಂಗಳೂರಿಗೆ ಸುಮಾರು 60 ಕಿ.ಮೀ. ಗೌರಿಬಿದನೂರಿಂದ ದೊಡ್ಡಬಳ್ಳಾಪುರ, ಯಲಹಂಕದ ಮೇಲೆ ರೈಲಿದೆ. ಚಿಂತಾಮಣಿ ಸ್ವಲ್ಪ ದೂರ. ಶಿಡ್ಲಘಟ್ಟ ನಾವು ಬೆಳೆದ ಊರು. ಆದರೆ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಮೇಲೆ ನಮ್ಮಮ್ಮ ರಾತ್ರಿಯೂ ಸೊಪ್ಪು ಹಾಕುತ್ತಿದ್ದದ್ದು ನೆನಪಿದೆಯಲ್ಲ? ಊರು ಚಿಕ್ಕದಾದ ಮಾತ್ರಕ್ಕೆ ಬಿಡುವು ಸಿಗುವುದಿಲ್ಲ ಎಂದೂ ಬರೆದೆ.

ಮಜ್ಝಿಮ ನಿಕಾಯದ 17ನೆಯದು ವನಪತ್ಥ ಸುತ್ತ. ಎಲ್ಲಿ ಇರಬೇಕು, ಎಲ್ಲಿಂದ ಹೊರಡಬೇಕು ಎಂದು ಭಗವಾನರು ಅಲ್ಲಿ ಭಿಕ್ಖುಗಳಿಗೆ ಹೇಳುತ್ತಾರೆ. ಮೊದಲು ಕಾಡಿನ ಬಗ್ಗೆ, ಆಮೇಲೆ ಹಳ್ಳಿ, ಪಟ್ಟಣ, ನಗರಗಳ ಬಗ್ಗೆಯೂ ಅದೇ ಮಾತು. ನೋಡಬೇಕಾದ್ದು ಎರಡು: ಅಲ್ಲಿ ಮನಸ್ಸು ನೆಲೆ ನಿಲ್ಲುತ್ತದೆಯೇ, ಊಟ-ಬಟ್ಟೆ-ಔಷಧಿ ಸುಲಭವಾಗಿ ಸಿಗುತ್ತವೆಯೇ. ಎರಡೂ ಇಲ್ಲದಿದ್ದರೆ ಅಂದೇ ಹೊರಡಬೇಕು. ಎರಡೂ ಇದ್ದರೆ ಬದುಕಿರುವವರೆಗೂ ಇರಬಹುದು. ಅನುಕೂಲ ಕಡಿಮೆಯಿದ್ದರೂ ಮನಸ್ಸು ನಿಲ್ಲುತ್ತಿದ್ದರೆ ಬಿಡಬಾರದು. ನನ್ನನ್ನು ತಟ್ಟಿದ್ದು ಇನ್ನೊಂದು: ಎಲ್ಲ ಅನುಕೂಲವಿದ್ದೂ ಮನಸ್ಸು ನಿಲ್ಲದಿದ್ದರೆ ಅಲ್ಲಿಂದಲೂ ಹೊರಡಬೇಕು. ಸಾಲದ ಕಂತು, ಮಕ್ಕಳ ಶಾಲೆ ಇರುವ ನಾವು ಭಿಕ್ಖುಗಳಂತೆ ರಾತ್ರೋರಾತ್ರಿ ಹೊರಡಲಾರೆವು, ನಿಜ. ಆದರೆ ನನ್ನ ಪಟ್ಟಿಯಲ್ಲಿ ಇದ್ದದ್ದೆಲ್ಲ ದೂರ ಮತ್ತು ಅನುಕೂಲದ ಲೆಕ್ಕವೇ.

ತಮ್ಮ ಒಂದು ಊರಲ್ಲಿ ಮನೆ ನೋಡಿ ಬಂದ. ನೀರಿತ್ತು, ಬಾಡಿಗೆಯೂ ಹೊಂದುತ್ತಿತ್ತು. "ಅಡ್ವಾನ್ಸ್ ಮಾತಾಡೋವಾಗ 'ನೀವು ಯಾವ ಜನ' ಅಂದ್ರು. ಹೇಳಿದೆ. ತಿಳಿಸ್ತೀವಿ ಅಂದ್ರು." ತಿಳಿಸಲಿಲ್ಲ.

"ಬೆಂಗಳೂರಲ್ಲೂ ಕೇಳ್ತಾರಲ್ಲೋ" ಎಂದೆ.

"ಕೇಳ್ತಾರೆ. ಆದ್ರೆ ಅಲ್ಲಿ ಮಗಳ ಎದುರಿಗೆ ಯಾರೂ ಕೇಳಿರಲಿಲ್ಲ ಅಕ್ಕ. ದಾರೀಲಿ ಬರ್ತಾ ಅವಳು 'ನಾವು ಯಾವ ಜನ ಅಪ್ಪಾ' ಅಂದ್ಲು."

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು, ಹಳ್ಳಿಯನ್ನು ಕೊಂಡಾಡುವವರ ಮಾತನ್ನು ಏಕೆ ಒಪ್ಪಲಿಲ್ಲ ಎಂಬುದನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ನನ್ನ ತಮ್ಮನಿಗೆ ಊರು ಆರಿಸಿಕೊಡುವಾಗ ಅದು ನೆನಪಾಗಲಿಲ್ಲ. ನನಗೆ ಸ್ವಂತ ಮನೆಯಿದೆ, ಬಾಡಿಗೆ ಕೇಳಿಕೊಂಡು ಯಾರ ಬಾಗಿಲಿಗೂ ಹೋಗಿ ಹದಿನಾಲ್ಕು ವರ್ಷವಾಯಿತು. ಅದಕ್ಕೇ ಇರಬೇಕು.

ಅವನಿನ್ನೂ ಬೆಂಗಳೂರು ಬಿಡುವ ಆಸೆ ಬಿಟ್ಟಿಲ್ಲ. ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಇನ್ನೊಂದು ಮನೆ ನೋಡಲು ನಾನೂ ಜೊತೆಗೆ ಹೋಗುತ್ತಿದ್ದೇನೆ. ಮಗಳನ್ನು ನಮ್ಮ ಮನೆಯಲ್ಲಿ ಬಿಟ್ಟು ಬರುತ್ತಾನಂತೆ. ಬಳಗದವರಿಗೆ ಯಾರಿಗಾದರೂ ಎರಡು ಕೋಣೆಯ ಬಾಡಿಗೆ ಮನೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.