ಚೂರಿಗೊಂದು ಗಟ್ಟಿ ತೊಗಲಿನ ಒರೆ

ಹೋದ ವರ್ಷ ತೊಗರಿ ಹೊಲದ ಬದುವಿನಲ್ಲಿ ಜಾಲಿ ಕಂಟಿ ಸವರುತ್ತಿದ್ದೆ. ಬಗ್ಗಿ ಎದ್ದಾಗ ಸೊಂಟದ ಒರೆಯಲ್ಲಿದ್ದ ಚೂರಿ ತೊಡೆಗೆ ಇಳಿಯಿತು. ನಾಲ್ಕು ಹೊಲಿಗೆ, ಧನುರ್ವಾಯು ಇಂಜೆಕ್ಷನ್, ಎಂಟು ದಿನ ಕೆಲಸ ಬಂದ್. ಸಂತೆಯಲ್ಲಿ ತಂದ ಆ ಒರೆಗೆ ಆರು ತಿಂಗಳೂ ಆಗಿರಲಿಲ್ಲ. ಬಿಚ್ಚಿ ನೋಡಿದರೆ ತೊಗಲು ಗಟ್ಟಿಯಾಗಿಯೇ ಇತ್ತು, ಚೂರಿಯ ಬಾಯಿ ಒಳಗಿನಿಂದ ದಾರ ಕೊಯ್ದು ಹಾಕಿತ್ತು.

ನಮ್ಮ ನಾರಾಯಣಪುರಕ್ಕೆ ಬಸವಕಲ್ಯಾಣ ಹತ್ತಿರ. ಸಮಗಾರ ಹರಳಯ್ಯನವರ ಊರಲ್ಲವೇ! ಅಲ್ಲಿ ಚಪ್ಪಲಿ ಹೊಲಿಯುವ ಕಾಕಾ ಒಬ್ಬರಿಗೆ ಒರೆ ತೋರಿಸಿದೆ. "ಬಾಯಿ ದಾರಕ್ಕ ತಾಗಬಾರದ್ರೀ, ತೊಗಲಿಗೆ ತಾಗಬೇಕು" ಅಂದರು. ಅವರ ಹತ್ತಿರ ಕುಂತು ಕಲಿತು ಮನೆಯಲ್ಲೇ ಮಾಡಿದೆ.

ತೊಗಲು ತಂಗಡಿ ಇಲ್ಲವೇ ಜಾಲಿ ತೊಗಟೆಯಲ್ಲಿ ಹದ ಮಾಡಿದ್ದಿರಲಿ, ದಪ್ಪ 3 ಮಿ.ಮೀ. ಸಾಕು. ಕ್ರೋಮ್ ಹದದ ಮೆತ್ತನೆ ತೊಗಲು ನೆನೆಸಿದರೂ ಚೂರಿಯ ಆಕಾರ ಹಿಡಿಯದು. ಕೊಯ್ದ ಅಂಚಿನ ಒಳಗೆ ನೀಲಿ-ಬೂದು ಬಣ್ಣ ಕಂಡರೆ ಹೆಚ್ಚಾಗಿ ಅದು ಕ್ರೋಮಿನದೇ.

ಮೊದಲು ರಟ್ಟಿನಲ್ಲಿ ಅಳತೆ ಮಾಡಿಕೊಳ್ಳಿ. ಚೂರಿಯ ಬೆನ್ನು ಮಡಿಕೆಯ ಕಡೆ ಬರಲಿ, ಬಾಯಿಯ ಕಡೆ ಎರಡೂ ಮಗ್ಗುಲು ಒಂದೂವರೆ ಸೆಂ.ಮೀ. ಹೆಚ್ಚು ಬಿಡಿ. ಹಿಡಿಕೆಯ ಮೂರನೇ ಒಂದು ಭಾಗ ಒರೆಯೊಳಗೆ ಕೂರಬೇಕು. ಬೆಲ್ಟಿನ ಕುಣಿಕೆಯನ್ನು ಈಗಲೇ ಹೊಲಿಯಿರಿ. ನಾನು ಮರೆತು ಎಲ್ಲ ಬಿಚ್ಚಬೇಕಾಯಿತು.

ಇನ್ನು ಮುಖ್ಯ ಕೆಲಸ. ಅದೇ ತೊಗಲಿನ 1 ಸೆಂ.ಮೀ. ಅಗಲದ ಪಟ್ಟಿ ಕೊಯ್ದು, ಬಾಯಿಯ ಉದ್ದಕ್ಕೂ ತುದಿಯ ತನಕ ಎರಡು ಮಗ್ಗುಲಿನ ನಡುವೆ ಅಂಟಿಸಿ. ಹೊಲಿಗೆ ಹೊರ ಅಂಚಿನಿಂದ 4 ಮಿ.ಮೀ. ಒಳಗೆ ಬರಲಿ. ಆಗ ಬಾಯಿಗೂ ದಾರಕ್ಕೂ ನಡುವೆ 6 ಮಿ.ಮೀ. ತೊಗಲು ಉಳಿಯುತ್ತದೆ. ಸಂತೆ ಒರೆಯಲ್ಲಿ ಇಲ್ಲದ್ದು ಇದೇ ಪಟ್ಟಿ. ಮೂರು ಪದರ ಸೇರಿ 9 ಮಿ.ಮೀ., ದಬ್ಬಳ ಕೈಯಿಂದ ಹೋಗದು. ಹಲಗೆ ಮೇಲಿಟ್ಟು ತೆಳು ಮೊಳೆ ಹೊಡೆದು, 5 ಮಿ.ಮೀ.ಗೊಂದು ತೂತು ಮಾಡಿದೆ.

ಜೇನುಮೇಣ ತಿಕ್ಕಿದ ಒಂದೇ ದಾರದ ಎರಡೂ ತುದಿಗೆ ಸೂಜಿ ಹಾಕಿ. ಪ್ರತಿ ತೂತಿನಲ್ಲೂ ಎರಡು ಸೂಜಿ ಎದುರು-ಬದುರು ದಾಟಿಸಿ ಬಿಗಿಯಾಗಿ ಎಳೆಯಿರಿ. ಒಂದು ಕಡೆ ದಾರ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಮಷಿನ್ ಹೊಲಿಗೆ ಹಾಗಲ್ಲ, ಒಂದು ಕಡೆ ಹರಿದರೆ ಬಿಚ್ಚುತ್ತ ಹೋಗುತ್ತದೆ.

ಆಮೇಲೆ ಒರೆಯನ್ನು ನೀರಲ್ಲಿ ಅದ್ದಿ, ಚೂರಿಗೆ ಪ್ಲಾಸ್ಟಿಕ್ ಸುತ್ತಿ ಒಳಗಿಟ್ಟು, ಬೆರಳಿಂದ ಒತ್ತಿ ಆಕಾರ ಕೊಡಿ. ಎರಡು ದಿನ ನೆರಳಲ್ಲೇ ಒಣಗಲಿ. ಬಿಸಿಲಿಗಿಟ್ಟರೆ ಬಿರಿಯುತ್ತದೆ. ಔಡಲೆಣ್ಣೆ ತೆಳ್ಳಗೆ ಸವರಿ, ಜಾಸ್ತಿಯಾದರೆ ತೊಗಲು ಮೆತ್ತಗಾಗುತ್ತದೆ.

ಮಳೆಗಾಲದಲ್ಲಿ ತೇವದ ತೊಗಲಿಗೆ ಅಲಗು ಕಪ್ಪಾಗಿ ತುಕ್ಕು ಹಿಡಿಯುತ್ತದೆ. ಅದಕ್ಕೆ ಸಂಜೆ ಮನೆಗೆ ಬಂದ ಮೇಲೆ ಚೂರಿ ಒರೆಸಿ ಗೂಡಿನಲ್ಲಿಡುತ್ತೇನೆ, ಒರೆಯನ್ನು ಬೇರೆ ಗೂಟಕ್ಕೆ ತೂಗುಹಾಕುತ್ತೇನೆ.