ಬಾಗುವ ಉಕ್ಕನ್ನು ಬೆಳಕಿನಿಂದ ಅಳೆಯೋದು

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸು ಜನ ತುಂಬಿದರೆ ತಗ್ಗುತ್ತದೆ. ಕೆಳಗಿರುವ ಸ್ಪ್ರಿಂಗ್ ಪ್ಲೇಟು ಬಾಗಿ ಅದರ ಮೇಲ್ಮೈ ಹಿಗ್ಗುತ್ತದೆ, ಕೆಳಮೈ ಕುಗ್ಗುತ್ತದೆ. 1 ಮೀಟರ್ ಉದ್ದ 1 ಮಿ.ಮೀ. ಹಿಗ್ಗಿದರೆ ಸ್ಟ್ರೈನ್ 1/1000. ಇಷ್ಟು ಸಣ್ಣದು ಸ್ಕೇಲಿಗೆ ಎಲ್ಲಿ ಸಿಗುತ್ತೆ?

ನಾನು ಆಕ್ಸಾ ಬ್ಲೇಡಿನ ಒಂದು ತುದಿಯನ್ನು ಮೇಜಿಗೆ ಬಿಗಿದು, ಇನ್ನೊಂದು ತುದಿಗೆ ಕನ್ನಡಿ ಚೂರು ಅಂಟಿಸಿ ಲೇಸರ್ ಬಿಟ್ಟೆ. (ಲೇಸರ್ ಕಣ್ಣಿಗೆ ಬೀಳಬಾರದು!) ತೂಕ ಕಟ್ಟಿದಾಗ ಕನ್ನಡಿ 1 ಡಿಗ್ರಿ ಓರೆಯಾದರೆ ಕಿರಣ 2 ಡಿಗ್ರಿ ತಿರುಗುತ್ತದೆ. 3 ಮೀಟರ್ ದೂರದ ಗೋಡೆಯಲ್ಲಿ ಚುಕ್ಕೆ ಸುಮಾರು 10 ಸೆಂ.ಮೀ. ಜರುಗುತ್ತದೆ. ಓರೆಯಿಂದ ಬಾಗು ತಿಳಿಯುತ್ತೆ, ಬಾಗು ಮತ್ತು ದಪ್ಪದಿಂದ ಸ್ಟ್ರೈನ್ ಸಿಗುತ್ತೆ.

ಅಷ್ಟೇ ಬಾಗಿದರೂ ದಪ್ಪ ಪಟ್ಟಿಯ ಮೇಲ್ಮೈ ಹೆಚ್ಚು ಹಿಗ್ಗುತ್ತದೆ. ಪದೇ ಪದೇ ಹಿಗ್ಗಿದ ಕಡೆ ಬಿರುಕು ಬಿಡುತ್ತದೆ. ಅದಕ್ಕೇ ಬಸ್ಸಿಗೆ ಒಂದೇ ದಪ್ಪ ಪ್ಲೇಟು ಹಾಕದೆ, ತೆಳು ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸೋದು.